ಗೋಡೆ ಏರಬೇಕಾದ ಫೋಟೋ

ಬಸವನ ಬಾಗೇವಾಡಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಮದುವೆ, ತೊಟ್ಟಿಲು, ಹಾಲ್‌ಟಿಕೆಟ್ಟು ಅಂತ ಜನ ಬರುತ್ತಲೇ ಇದ್ದರು. ಅಲ್ಲೆಲ್ಲ ಎಲ್ಲವೂ ಸುಸೂತ್ರ. ನನ್ನ ಮರ್ಯಾದೆ ಹೋಗುತ್ತಿದ್ದದ್ದು ಮಾತ್ರ ಸಾವಿನ ಫೋಟೋ ಕೆಲಸದಲ್ಲಿ. ಸಾವೆಂದರೆ ದೊಡ್ಡ ವಿಷಯ, ಅದರ ಮುಂದೆ ಕ್ಯಾಮೆರಾ ಹಿಡಿದು ನಿಂತವನು ಏನು ಮಾಡಿದರೂ ನಗೆಪಾಟಲೇ. ಅದರಲ್ಲೂ ಹತ್ತಿರದ ಮಸೂತಿ ಎಂಬ ಊರಿನ ಒಬ್ಬ ಅಜ್ಜ ಮತ್ತು ಅವರ ಹೆಂಡತಿ ಹದಿನೈದು ವರ್ಷ ನನ್ನ ಬೆನ್ನು ಬಿಡಲಿಲ್ಲ.

ಮೊದಲ ಕರೆ

ನಮ್ಮ ಕಡೆ ಒಂದು ರೂಢಿ. ಹಿರಿಯರು ತೀರಿಕೊಂಡರೆ ಕುರ್ಚಿಯ ಮೇಲೆ ಕೂಡಿಸಿ, ವಿಭೂತಿ ಹಚ್ಚಿ, ರುಮಾಲು ಸುತ್ತಿ, ಹೂ ಏರಿಸಿ ಫೋಟೋ ತೆಗೆಸುತ್ತಾರೆ. ಅದೇ ಆಮೇಲೆ ಕಟ್ಟು ಹಾಕಿಸಿಕೊಂಡು ಗೋಡೆ ಏರುತ್ತದೆ. ಬದುಕಿದ್ದಾಗ ಸ್ಟುಡಿಯೋ ಮೆಟ್ಟಿಲು ಹತ್ತದವರಿಗೆ ಅದೊಂದೇ ಫೋಟೋ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ಅಜ್ಜನ ಅಣ್ಣ ತೀರಿಕೊಂಡರೆಂದು ಮಸೂತಿಯಿಂದ ಕರೆ ಬಂತು. ಇಂಥ ಕೆಲಸ ನನಗೆ ಹೊಸದು. ಮನೆ ತುಂಬ ಅಳು. ಕ್ಯಾಮೆರಾ ಕಣ್ಣಿಗೆ ಹಚ್ಚಿದ ಕೂಡಲೇ ಸ್ಟುಡಿಯೋದಲ್ಲಿ ಹೇಳಿ ಹೇಳಿ ರೂಢಿಯಾದ ಮಾತು ತಾನಾಗಿ ಬಾಯಿಂದ ಬಂತು: "ಅಜ್ಜಾರ, ಒಂದೀಟು ಅಳ್ಳಾಡಬ್ಯಾಡ್ರಿ."

ಅಳುತ್ತಿದ್ದವರೆಲ್ಲ ಅಳು ಬಿಟ್ಟು ನನ್ನ ಕಡೆ ತಿರುಗಿದರು. ಕುರ್ಚಿಯ ಹತ್ತಿರ ಕೂತಿದ್ದವಳು ಸತ್ತವರ ತಮ್ಮನ ಹೆಂಡತಿ. ಸೆರಗಿನಿಂದ ಮೂಗು ಒರೆಸಿಕೊಂಡು ಆ ಅಜ್ಜಿ ನನ್ನನ್ನು ನೋಡಿದಳು.

"ಅವರು ಅಳ್ಳಾಡಂಗಿಲ್ಲೋ ತಮ್ಮಾ. ಅಳ್ಳಾಡಾಕತ್ತಿದ್ದು ನಿನ್ನ ಕೈ."

ಟ್ರಂಕಿನ ತಳದಲ್ಲಿ

ಆ ಫೋಟೋ ತೊಳೆದು ಕಳಿಸಿದ ಎಂಟು ದಿನಕ್ಕೆ ತಮ್ಮ, ಅಂದರೆ ನಮ್ಮ ಅಜ್ಜ, ಹೆಂಡತಿಯನ್ನು ಕರೆದುಕೊಂಡು ಸ್ಟುಡಿಯೋಕ್ಕೆ ಬಂದರು. ಇಸ್ತ್ರಿ ಮಾಡಿದ ಧೋತರ, ತಲೆಗೆ ಸುತ್ತಿದ ಹೊಸ ಪಟಗಾ, ಮೀಸೆಗೆ ಎಣ್ಣೆ.

"ನಮ್ಮಣ್ಣ ಹುಲಿ ಇದ್ದಂಗ ಇದ್ದ. ನಿನ್ನ ಫೋಟೋದಾಗ ಬಾಯಿ ತಕ್ಕೊಂಡು ತೂಕಡಸಾಕತ್ತಾನ. ಮೊಮ್ಮಕ್ಕಳು ಅಜ್ಜ ಅಂದ್ರ ಇನ್ನ ಇದ ಮಾರಿ ನೆನಸ್ತಾವ. ನನಗ ಹಂಗ ಆಗಬಾರದು. ಜೀವಂತ ಇದ್ದಾಗ ಒಂದು ತಗದುಬಿಡು" ಅಂದರು.

ತೆಗೆದೆ. ಛಲೋ ಬಂತು. ಕಟ್ಟೂ ಹಾಕಿಸಿ ಕೊಟ್ಟೆ. ಆದರೆ ಬದುಕಿದ್ದವರ ಫೋಟೋ ಗೋಡೆಗೆ ಹಾಕಿದರೆ ಯಮನನ್ನು ಊಟಕ್ಕೆ ಕರೆದಂತೆ ಅಂತ ಅಜ್ಜಿಯ ನಂಬಿಕೆ. ಹಳೆಯ ಧೋತರದಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಇಟ್ಟುಬಿಟ್ಟಳು.

ಒಂದು ದೀಪಾವಳಿಗೆ ಸುಣ್ಣ ಬಳಿಯಲು ಸಾಮಾನೆಲ್ಲ ಹೊರಗೆ ಬಂತು. ತಿರುಗಿ ಜೋಡಿಸುವಾಗ ಸೊಸೆ ಈ ಫೋಟೋವನ್ನೂ ಪಡಸಾಲೆಯ ಮೊಳೆಗೆ ಹಾಕಿದಳು. ದೊಡ್ಡ ಮಾವನ ಫೋಟೋಕ್ಕೆ ಹಾಕಿ ಉಳಿದ ಹೂವನ್ನು ಇದಕ್ಕೂ ಏರಿಸಿದಳು, ಪಾಪ, ಭಕ್ತಿಯಿಂದಲೇ. ಅದೇ ಹೊತ್ತಿಗೆ ಚಡಚಣದ ಬೀಗರು ಬಂದರು. ಗೋಡೆ ನೋಡಿದವರೇ ಕೆಳಗೆ ಕುಸಿದರು.

"ಬೀಗರ! ನನಗೊಂದು ಮಾತು ಹೇಳಿ ಕಳಿಸಲಿಲ್ಲಲ್ಲರೀ! ಎಂಥಾ ದೇವರಂಥಾ ಮನಿಷ್ಯಾ! ನಾನ ಪಾಪಿ. ಮುದಿ ಎತ್ತನ್ನ ಎಳೀದು ಅಂತ ಹೇಳಿ ನಿಮ್ಮ ಕೊರಳಿಗೆ ಕಟ್ಟಿದೆ!"

ಹಿತ್ತಲಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದ ಅಜ್ಜ ಗದ್ದಲ ಕೇಳಿ ಒಳಗೆ ಬಂದವರು ಸದ್ದಿಲ್ಲದೆ ಬೀಗರ ಹಿಂದೆಯೇ ಕೂತಿದ್ದರು. ಹೊಗಳಿಕೆಯನ್ನು ಪೂರ್ತಿ ಕೇಳಿದರು. ಎತ್ತಿನ ಮಾತು ಬಂದಾಗ ಮೆಲ್ಲಗೆ ಹೆಗಲು ಮುಟ್ಟಿದರು.

"ಅದು ನನಗ ಅವತ್ತ ಗೊತ್ತಿತ್ತರೀ ಬೀಗರ. ಅದನ್ನ ಬಿಡ್ರಿ, ಮೊದಲಿಂದು ಛಲೋ ಇತ್ತು, ಅದನ್ನ ಹೇಳ್ರಿ."

ಗೆರೆ ಅಳಿಸುವ ಯಂತ್ರ

ಎರಡು ಸಾವಿರ ಇಸವಿ ದಾಟಿದ ಮೇಲೆ ನನ್ನ ಸ್ಟುಡಿಯೋಕ್ಕೆ ಕಂಪ್ಯೂಟರ್ ಬಂತು. ಅಜ್ಜನೂ ಬಂದರು. ಅಷ್ಟರಲ್ಲಿ ಹಲ್ಲೆಲ್ಲ ಹೋಗಿದ್ದವು. "ಟ್ರಂಕಿನ್ಯಾಗಿನ ಮನಿಷ್ಯಾನ ಗುರುತು ನನಗ ಹತ್ತವಲ್ದು. ಹೊಸಾದು ತಗಿ" ಅಂದರು.

ಹೊಸ ಯಂತ್ರದ ಹುರುಪು ನನಗೆ. ಅಜ್ಜನನ್ನು ಪಕ್ಕಕ್ಕೆ ಕೂಡಿಸಿಕೊಂಡು ಒಂದೊಂದೇ ಸುಕ್ಕು ಅಳಿಸಿ ತೋರಿಸಿದೆ. ಮೀಸೆ ಕಪ್ಪಾಯಿತು, ಕೆನ್ನೆ ತುಂಬಿತು. ಅಜ್ಜ ಪರದೆಗೆ ಮೂಗು ಹಚ್ಚಿ ಕೂತು, "ಇನ್ನೊಂದೀಟು ಕರ್ರಗ ಮಾಡು, ಇನ್ನೊಂದೀಟು" ಅನ್ನುತ್ತಿದ್ದರು. ನಲವತ್ತರ ಗಂಡಸು ತಯಾರಾದ.

ಮೂಲೆಯ ಸ್ಟೂಲಿನ ಮೇಲೆ ಗಂಡನ ಪಟಗಾ ಹಿಡಿದು ಕೂತಿದ್ದ ಅಜ್ಜಿ ಎದ್ದು ಬಂದು ನೋಡಿದಳು. 

"ಆ ಗೆರಿ ಮೂಡಸಾಕ ನನಗ ಐವತ್ತು ವರ್ಷ ಹಿಡದೈತಿ. ಒಂದ ಬೆರಳಿಲೆ ಅಳಿಸಿಬಿಟ್ಟೆಲ್ಲೋ! ಎಲ್ಲಾ ಹೊಳ್ಳಿ ಹಾಕು."

ಎದೆಯ ಫೋಟೋ

ಮುಂದೆ ಅಜ್ಜನಿಗೆ ಎದೆನೋವು ಬಂದು ವಿಜಾಪುರಕ್ಕೆ ಒಯ್ದು ಇಸಿಜಿ ತೆಗೆಸಿದರು. ಆ ಉದ್ದನೆಯ ಪಟ್ಟಿಯನ್ನು ಸುರುಳಿ ಸುತ್ತಿಕೊಂಡು ನೇರ ನನ್ನ ಹತ್ತಿರ ಬಂದರು. "ಇದು ಎದಿ ಫೋಟೋ ಅಂತ. ಫೋಟೋ ಅಂದ ಮ್ಯಾಲ ನಿನ್ನ ಕೆಲಸ. ಏನ ಕಾಣ್ತೈತಿ ಹೇಳು."

ನನಗೇನು ಗೊತ್ತು? ಅಜ್ಜಿಯೇ ಹಣಿಕಿ ಹಾಕಿ, "ಏನದು? ತೆಗ್ಗು ದಿಬ್ಬ. ನಮ್ಮೂರ ರಸ್ತಾ ಇದ್ದಂಗ ಐತಿ" ಅಂದಳು.

ಅಜ್ಜ ಚಿಂತೆಗೆ ಬಿದ್ದರು. "ಹಂಗಿದ್ರ ಒಂದೀಟು ಕಂಪ್ಯೂಟರಿನ್ಯಾಗ ಹಾಕಿ ಗೆರಿ ನೆಟ್ಟಗ ಮಾಡಿ ಕೊಡು."

"ಅಜ್ಜಾರ, ಅದು ನೆಟ್ಟಗ ಆತಂದ್ರ ನಾ ಕ್ಯಾಮೆರಾ ತಗೊಂಡು ಮಸೂತಿಗೆ ಬರಬೇಕಾಕ್ಕೈತ್ರಿ" ಅಂದೆ.

ಕೊನೆಯ ಕರೆ

ಆಮೇಲೆ ಎಲ್ಲರ ಜೇಬಿಗೂ ಮೊಬೈಲು ಬಂತು. ಒಂದು ಮುಂಜಾನೆ ಅಜ್ಜನ ಮಗನ ಫೋನು: "ಅಪ್ಪಾರು ಮ್ಯಾಲುಸಿರು ಬಿಡಾಕತ್ತಾರ. ಡಾಕ್ಟರಿಗೆ ಹೇಳೇನಿ. ಹಂಗ ನಿಮಗೂ ಹೇಳಿದ್ರಾತು ಅಂತ ಮಾಡಿದೆ." ಮೊದಲಾದರೆ ಸತ್ತ ಮೇಲೆ ಆಳು ಬರುತ್ತಿದ್ದ. ಈಗ ಮುಂಗಡ ಸುದ್ದಿ. ನನಗೂ ಬುದ್ಧಿ ಬೇಡವೇ? ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬೈಕ್ ಹತ್ತಿದೆ. ಡಾಕ್ಟರಿಗಿಂತ ಮೊದಲೇ ಮುಟ್ಟಿದೆ.

ಅಜ್ಜ ಕಣ್ಣು ತೆರೆದರು. ಎದುರಿಗೆ ನಾನು.

"ಔಷಧ ಕೊಡಾಂವನಕಿಂತ ಮೊದಲ ನೀ ಬಂದೆಲ್ಲೋ ಭಾಡ್ಯಾ! ಏ, ನನ್ನ ಎಬ್ಬಿಸಿ ಕುಂಡ್ರಸ್ರಿ!"

ಸಿಟ್ಟಿನಿಂದಲೇ ಅವರಿಗೆ ಜೀವ ಬಂತು. ದಿಂಬು ಕೊಟ್ಟು ಕೂಡಿಸಿದರು. ಮಗ ಕಂಬದ ಹಿಂದೆ ಸರಿದ. ನಾನು ಮೆಲ್ಲಗೆ ಬಾಗಿಲ ಕಡೆ ತಿರುಗಿದೆ.

"ನಿಂದರು. ಬಂದಾಂವ ಬರಿಗೈಲೆ ಹೋಗಬ್ಯಾಡ. ನನ್ನ ಮಾರೀವು ಎರಡು, ಎದೀದೊಂದು ಆಗ್ಯಾವ. ಇಕೀದು ಒಂದೂ ಇಲ್ಲ. ನಾಳೆ ಇಕೀನ್ನ ಕುರ್ಚಿ ಮ್ಯಾಲ ಕುಂಡ್ರಿಸಿ ಬಾಯಿ ತಗಸೂದು ಬ್ಯಾಡ. ಈಗ ತಗಿ."

ನನಗೆ ನಾಚಿಕೆಯಾಯಿತು. ಹದಿನೈದು ವರ್ಷ ಆ ಅಜ್ಜಿಯನ್ನು ಸ್ಟೂಲಿನ ಮೇಲೆ ಕೂಡಿಸಿ ಪಟಗಾ ಹಿಡಿಸಿದ್ದೆ, ಒಮ್ಮೆಯೂ ಆಕೆಯ ಕಡೆ ಕ್ಯಾಮೆರಾ ತಿರುಗಿಸಿರಲಿಲ್ಲ.

ಅಜ್ಜಿ ಒಪ್ಪಲಿಲ್ಲ. "ನನಗ್ಯಾಕ್ರಿ ಫೋಟೋ? ಇಷ್ಟು ವರ್ಷ ನಿಮ್ಮ ಬಾಜೂಕ ಕುಂತದ್ದು ಸಾಲದೇನು, ಗ್ವಾಡಿ ಮ್ಯಾಲೂ ಕುಂಡ್ರಬೇಕೇನು?"

"ಬಾಜೂಕ ಯಾರು ಕುಂಡ್ರು ಅಂದ್ರು? ಎದುರಿನ ಗ್ವಾಡಿಗೆ ಇರು. ಬಾಜೂಕ ಇದ್ರ ನಿನ್ನ ಮಾರಿ ನನಗ ಹ್ಯಾಂಗ ಕಾಣಬೇಕು?"

 ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ಆಮೇಲೆ ಅದೇ ಸೆರಗನ್ನು ತಲೆ ಮೇಲೆ ಸರಿಮಾಡಿಕೊಂಡು ಕುರ್ಚಿಯ ಮೇಲೆ ಕೂತಳು. "ಕೇಳಿದೇನ ತಮ್ಮಾ? ಸತ್ತ ಮ್ಯಾಲೂ ನನ್ನ ಮ್ಯಾಲಿನ ಕಣ್ಣು ತಗಿಯಾವ್ರಲ್ಲ ಇವರು. ತಗಿ, ಲಗೂನ ತಗಿ" ಅಂದಳು. ಬೊಚ್ಚುಬಾಯಿ ತುಂಬ ನಗು.

ಆಗಲೇ ಡಾಕ್ಟರು ಚೀಲ ಹಿಡಿದು ಓಡೋಡಿ ಒಳಗೆ ಬಂದರು. ಅಜ್ಜ ಅವರತ್ತ ತಿರುಗಿಯೂ ನೋಡದೆ ಕೈ ಅಡ್ಡ ಹಿಡಿದರು.

"ಸಾಹೇಬ್ರ, ಒಂದೀಟು ಹೊರಗ ನಿಂದರ್ರಿ. ಇಕೀ ಫೋಟೋ ಮುಗಿಯೂತನಕ ನಾ ಎಲ್ಲೂ ಹೋಗಂಗಿಲ್ಲ."