ಮಾನ್ವಿಯ ಕೆನಡಾ ಸರಕಾರ

ವಾದಿರಾಜ ಮಾಸ್ತರರ ಹೊಟ್ಟೆಕಿಚ್ಚಿಗೆ ಕಾರಣ ಒಂದು ಕನ್ನಡ ಪತ್ರಿಕೆ. ರಾಯಚೂರಿನಿಂದ ಮಧ್ಯಾಹ್ನದ ಬಸ್ಸಿಗೆ ಮಾನ್ವಿಗೆ ಬರುತ್ತಿದ್ದ ಆ ಒಂದೇ ಪ್ರತಿ ವಾಚನಾಲಯದ್ದು. ಆದರೆ ಅದು ಮೊದಲು ಹೋಗುವುದು ಕಾರ್ಯದರ್ಶಿಯ ಮನೆಗೆ. ಅವನು ತಾರೀಖು ಬರೆದು ಸಹಿ ಹಾಕಿದ ಮೇಲೆಯೇ ಉಳಿದವರ ಕೈಗೆ. ಆ ಕಾರ್ಯದರ್ಶಿ ಪಕ್ಕದ ಮನೆಯ ಪ್ರಾಣೇಶರಾಯ. ಒಂದು ಸಹಿ ಹಾಕಲು ಅವನಿಗೆ ಎರಡು ತಾಸು ಬೇಕಾಗುತ್ತಿತ್ತು.

ಅದನ್ನೂ ಮಾಸ್ತರರು ಸಹಿಸಿಕೊಂಡಿದ್ದರು. ಆದರೆ ೧೯೪೫ರ ಜೂನ್ ತಿಂಗಳ ಒಂದು ಸಂಜೆ ಪ್ರಾಣೇಶರಾಯ ಕಟ್ಟೆಯ ಮೇಲೆ ಕೂತು, ತಾನೇ ಹೋಗಿ ಮತ ಎಣಿಸಿ ಬಂದವನಂತೆ ಕೆನಡಾದ ಚುನಾವಣೆಯ ಸುದ್ದಿ ಹೇಳತೊಡಗಿದ.

“ಪಾರ್ಲಿಮೆಂಟಿನಾಗ ಯಾರಿಗೂ ಬಹುಮತ ಬಂದಿಲ್ಲ ನೋಡ್ರಿ. ದೊಡ್ಡ ಪಕ್ಷದವರು ಬ್ಯಾರೆದವರ ಬೆಂಬಲ ಹಿಡದು ಸರಕಾರ ನಡಸಬೇಕು.”

ಓಣಿಯವರೆಲ್ಲ ತಲೆದೂಗಿದರು. ಮಾಸ್ತರರ ಹೆಂಡತಿ ಅಹಲ್ಯಾಬಾಯಿ ಕೂಡ, “ಪ್ರಾಣೇಶರಾಯರಿಗೆ ಎಷ್ಟೆಲ್ಲಾ ಗೊತ್ತದರೀ,” ಎಂದಳು. ಅಂದು ಮಾಸ್ತರರಿಗೆ ಊಟ ಸೇರಲಿಲ್ಲ.

ಮರುದಿನ ಶುಕ್ರವಾರ, ನಿಜಾಮರ ರಾಜ್ಯದಲ್ಲಿ ಶಾಲೆಗೆ ವಾರದ ರಜೆ. ವಾಚನಾಲಯದ ಕಾರ್ಯದರ್ಶಿ ಸ್ಥಾನದ ವಾರ್ಷಿಕ ಚುನಾವಣೆಯೂ ಅಂದೇ. ಮಾಸ್ತರರು ತಾವೂ ನಿಲ್ಲುವುದೆಂದು ಬೆಳಿಗ್ಗೆ ಎದ್ದವರೇ ಮನೆಮನೆ ತಿರುಗಿ ಮತ ಕೇಳಿದರು. ಎಲ್ಲರೂ ಹೂಂ ಅಂದರು. ಪ್ರಾಣೇಶರಾಯನಿಗೂ ಅವರೇ ಹೂಂ ಅಂದಿದ್ದರು.

ಎಣಿಕೆಯಾಯಿತು. ಹದಿಮೂರು ಮತಗಳಲ್ಲಿ ಮಾಸ್ತರರಿಗೆ ಆರು, ಪ್ರಾಣೇಶರಾಯನಿಗೆ ಐದು, ಹತ್ತಿ ವ್ಯಾಪಾರಿ ಜಿಲಾನಿ ಪಾಷಾನಿಗೆ ಎರಡು. ಉರ್ದು ಪತ್ರಿಕೆಯ ಆಸೆಗೆ ಸದಸ್ಯನಾಗಿದ್ದ ಪಾಷಾ, ಬೀಗರ ಒತ್ತಾಯಕ್ಕೆ ಚುನಾವಣೆಗೆ ನಿಂತಿದ್ದ. ನಿಯಮದಂತೆ ಗೆಲ್ಲಲು ಏಳು ಮತ ಬೇಕು.

“ಹೆಚ್ಚು ನನಗ ಬಂದಾವಲ್ಲ,” ಎಂದರು ಮಾಸ್ತರರು.

“ಕೆನಡಾದಾಗೂ ಹಂಗ ಆಗೇದರೀ,” ಎಂದ ಪ್ರಾಣೇಶರಾಯ ನಗುತ್ತ. “ಪಾಷಾ ಸಾಹೇಬರ ಬೆಂಬಲ ಕೇಳ್ರಿ.”

ಮಾಸ್ತರರು ಕೇಳಿದರು. ಪಾಷಾ ಗಡ್ಡ ನೀವಿಕೊಂಡ.

“ಕೊಡತೀನ್ರಿ. ಆದ್ರ ಪತ್ರಿಕಾ ಬಸ್ಸಿನಿಂದ ಮೊದಲ ನನ್ನ ಅಂಗಡಿಗೆ ಬರಬೇಕು. ಹತ್ತಿ ಧಾರಣಿ ನೋಡಬೇಕು. ಒಂದ ತಾಸು ಸಾಕು.”

ಮಾಸ್ತರರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಪಾಷಾನ ನಂತರ ತಾನು. ತನ್ನ ನಂತರ, ಎರಡು ತಾಸಿನ ಸಹಿ ಮುಗಿದ ಮೇಲೆ, ಪ್ರಾಣೇಶರಾಯ. ಸಂತೋಷದಿಂದ ಒಪ್ಪಿಕೊಂಡು ಕಾರ್ಯದರ್ಶಿಯಾದರು.

ಮನೆಗೆ ಬಂದು ಪಡಸಾಲೆಯಲ್ಲಿ ಚಾಪೆ ಹಾಸಿದರು. ಕನ್ನಡಕವನ್ನು ಮೂರು ಸಲ ಒರೆಸಿದರು. ಬಸ್ಸು ಬಂದ ಸದ್ದು ಕೇಳಿಸಿತು. ಒಂದು ತಾಸಾಯಿತು, ಎರಡಾಯಿತು.

“ಪತ್ರಿಕಾ ಎಲ್ಲದರೀ?” ಎಂದಳು ಅಹಲ್ಯಾಬಾಯಿ.

ಮಾಸ್ತರರು ಚಪ್ಪಲಿ ಮೆಟ್ಟಿ ಪಾಷಾನ ಅಂಗಡಿಗೆ ಧಾವಿಸಿದರು. ಒಳಗೆ ಗಾದಿಯ ಮೇಲೆ ಪ್ರಾಣೇಶರಾಯ ಲೋಡಿಗೆ ಒರಗಿ, ಬಲಗೈಯಲ್ಲಿ ಚಹಾ, ಎಡಗೈಯಲ್ಲಿ ಪತ್ರಿಕೆ ಹಿಡಿದು ಗಟ್ಟಿಯಾಗಿ ಓದುತ್ತಿದ್ದ. ಪಾಷಾ ಕಣ್ಣು ಮುಚ್ಚಿ ಕೇಳುತ್ತಿದ್ದ.

“ಇವರ್ಯಾಕ ಓದಾಕತ್ತಾರ?” ಮಾಸ್ತರರು ಹೊಸ್ತಿಲಲ್ಲೇ ನಿಂತು ಕೇಳಿದರು.

“ನನಗ ಉರ್ದು ಅಷ್ಟ ಓದಾಕ ಬರ್ತದರೀ. ಕನ್ನಡ ಬರೇ ಮಾತಿಗೆ.”

“ಹಂಗಾರ ನನ್ನ ಕರೀಬೇಕಿತ್ತು.”

“ತೋಬಾ ತೋಬಾ. ನೀವು ಈಗ ಸರಕಾರ. ಸರಕಾರನ್ನ ಅಂಗಡಿಗೆ ಕರಸಿ ಓದಸೂದು ಮರ್ಯಾದಿ ಅಲ್ಲ. ರಾಯರಿಗೆ ಈಗ ಕೆಲಸಿಲ್ಲ. ದಿನಾ ಬಂದು ಓದತೀನಿ ಅಂದಾರ.”

ಪ್ರಾಣೇಶರಾಯ ತಲೆ ಎತ್ತದೆ ಪುಟ ತಿರುವಿದ.

“ಕುಂದರ್ರಿ ಮಾಸ್ತರ. ಇನ್ನ ಎರಡು ಪುಟ ಅದಾವ. ಮುಗದ ಮ್ಯಾಲ ನೀವು ಸಹಿ ಹಾಕೀರಂತ.”