ಬಾಪ್ಪು ಬಸ್ಸು ನಿಲ್ಲಿಸುವ ತಿರುವು

ದೇವರನ್ನು ಕಣ್ಣಾರೆ ಕಂಡೆ ಎಂದು ಯಾರಾದರೂ ಹೇಳಿದರೆ ನಿಮ್ಮ ಮನೆಯಲ್ಲಿ ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಕೈ ಮುಗಿಯಬಹುದು, ಇಲ್ಲವೇ ಡಾಕ್ಟರರಿಗೆ ಫೋನು ಮಾಡಬಹುದು. ನಮ್ಮ ಮನೆಯಲ್ಲಿ ಮಾತ್ರ ಬಟ್ಟಲಿನಿಂದ ತಲೆಯೆತ್ತದೆ, ಮೀನಿನ ಮುಳ್ಳು ಬಿಡಿಸುತ್ತಲೇ, "ರಸ್ತೆಯ ಬಲಗಡೆಯಾ, ಎಡಗಡೆಯಾ?" ಎಂದು ಕೇಳುತ್ತೇವೆ. ಯಾಕೆಂದರೆ ನಮ್ಮ ಬಾಪ್ಪು ಬಸ್ಸಿನ ಡ್ರೈವರು. ಅವರಿಗೆ ದೇವರು ಕಾಣಿಸುವುದು ಸ್ಟಿಯರಿಂಗ್ ಹಿಡಿದಾಗ, ಅದೂ ಬಸ್ಸು ಹತ್ತು ನಿಮಿಷ ಲೇಟಾಗಿರುವಾಗಲೇ!

ಬಾಪ್ಪು ಎಂದರೆ ನಮ್ಮ ಕೊಂಕಣಿಯಲ್ಲಿ ಅಪ್ಪನ ತಮ್ಮ. ನನ್ನ ಮನೆ ಮೂಡಬಿದಿರೆ. ಟೀಚರ್ ಕೆಲಸ ಸಿಕ್ಕಿದ್ದು ಕಕ್ಕಿಂಜೆಯ ಹತ್ತಿರದ ಶಾಲೆಯಲ್ಲಿ. ದಿನಾ ಅಷ್ಟು ದೂರ ಹೋಗಿ ಬರುವುದು ಯಾಕೆಂದು ಬೆಳ್ತಂಗಡಿಯ ಬಾಪ್ಪುವಿನ ಮನೆಯಲ್ಲಿ ಇಳಿದುಕೊಂಡೆ. ಮಕ್ಕಳಿಲ್ಲದ ಮನೆ. ಬಾಪ್ಪು ಮತ್ತು ಅವರ ಹೆಂಡತಿ, ಅಂದರೆ ನಮ್ಮ ಮಾವ್ಶಿ, ಇಬ್ಬರೇ. ಬಾಪ್ಪು ಓಡಿಸುತ್ತಿದ್ದದ್ದೂ ಬೆಳ್ತಂಗಡಿ–ಕಕ್ಕಿಂಜೆ ನಡುವಿನ ಖಾಸಗಿ ಬಸ್ಸು. ಡ್ರೈವರ್ ಮನೆಯವರೇ ಆದ ಮೇಲೆ ಶಾಲೆಗೆ ತಡವಾಗುವ ಮಾತೇ ಇಲ್ಲ ಅಂದುಕೊಂಡೆ. ಎಂಥ ಮರುಳು ನಾನು!

ಕಕ್ಕಿಂಜೆಗೆ ಸ್ವಲ್ಪ ಮೊದಲು ಒಂದು ತಿರುವು ಉಂಟು. ರಬ್ಬರ್ ತೋಟ ಅಲ್ಲಿಗೆ ಮುಗಿದು ಗದ್ದೆಗಳು ತೆರೆದುಕೊಳ್ಳುತ್ತವೆ. ಗದ್ದೆಯಾಚೆ ಚಾರ್ಮಾಡಿಯ ಘಟ್ಟ, ಗೋಡೆ ಕಟ್ಟಿದ ಹಾಗೆ. ಮಳೆಗಾಲದಲ್ಲಿ ಆ ಗೋಡೆಯ ಉದ್ದಕ್ಕೂ ಬಿಳಿ ಗೆರೆಗಳು ಇಳಿಯುತ್ತವೆ, ಎಲ್ಲ ಜಲಪಾತಗಳೇ. ಮೊದಲನೆಯ ಸೋಮವಾರ ಬಸ್ಸು ಆ ತಿರುವಿಗೆ ಬಂದದ್ದೇ ಬಾಪ್ಪು ಎಂಜಿನ್ ಬಂದ್ ಮಾಡಿದರು. ಏನೋ ಕೆಟ್ಟಿತು ಅಂತ ನಾನು. ಅವರು ಹೆಗಲಿನ ಬೈರಾಸು ತೆಗೆದು ಮುಖ ಒರೆಸಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, ಹಿಂದೆ ತಿರುಗಿ, "ಎಲ್ಲರೂ ಬಲಗಡೆ ನೋಡಿ" ಎಂದರು.

"ಬಲಗಡೆ ಎಂಥದು ಉಂಟು?" ಎಂದೆ.

"ದೇವರು!"

ಬಸ್ಸಿನವರಿಗೆ ಇದೆಲ್ಲ ಮಾಮೂಲು. ಬೆಳ್ತಂಗಡಿಯಿಂದ ಬುಟ್ಟಿಯಲ್ಲಿ ಮೀನು ತಂದು ಮನೆ ಮನೆಗೆ ಮಾರುವ ಗುಲಾಬಕ್ಕ ಮಾತ್ರ ದಿನವೂ ಜಗಳ ತೆಗೆಯುತ್ತಿದ್ದರು. "ಮಾರಾಯ್ರೇ, ನನ್ನ ಬಂಗುಡೆ ಹಾಳಾಗ್ತದೆ. ನಿಮ್ಮ ದೇವರು ಐಸ್ ಕೊಡ್ತಾರಾ?"

"ಆ ನೀರು ನೋಡಿ ಗುಲಾಬಕ್ಕ. ಕಣ್ಣಿಗೆ ಐಸ್ ಅಲ್ವಾ ಅದು?"

"ಕಣ್ಣಿಗೆ ಸರಿ. ಬಂಗುಡೆಗೆ?"

ಆ ದಿನ ಶಾಲೆಗೆ ಎಂಟು ನಿಮಿಷ ತಡ. ಹೆಡ್‌ಮಾಸ್ಟರು ಕಾರಣ ಕೇಳಿದರು. "ದಾರಿಯಲ್ಲಿ ದೇವರು ಸಿಕ್ಕಿದರು ಸರ್" ಎನ್ನಲಿಕ್ಕಾಗುತ್ತದಾ? ಬಸ್ಸು ಪಂಚರ್ ಆಯಿತೆಂದೆ. ಕಂಡಕ್ಟರ್ ಹಮೀದ್ ಕೂಡ ಟ್ರಿಪ್ ಶೀಟಿನಲ್ಲಿ ಅದನ್ನೇ ಬರೆಯುತ್ತಿದ್ದನೆಂದು ನನಗೆ ತಿಳಿದದ್ದು ಆಮೇಲೆ. ಜೂನ್ ಮುಗಿಯುವುದರೊಳಗೆ ಆ ಬಸ್ಸಿಗೆ ಹತ್ತೊಂಬತ್ತು ಪಂಚರ್ ಆಗಿತ್ತು! ಟಯರಿನಲ್ಲಿ ಮಾತ್ರ ಒಂದು ತೂತಿಲ್ಲ.

ಇಗರ್ಜಿಯಲ್ಲೂ ಇವರದ್ದು ಇದೇ ಕತೆ. ಭಾನುವಾರದ ಪೂಜೆಗೆ ಬಾಪ್ಪು ತಪ್ಪದೆ ಬರುತ್ತಾರೆ, ಭಕ್ತಿಯಿಂದ ಹಾಡುತ್ತಾರೆ, ಆದರೆ ಫಾದರ್ ಪ್ರಸಂಗ ಶುರು ಮಾಡಿದ ಹೊತ್ತಿಗೆ ಮೆಲ್ಲ ಜಾರುತ್ತಾರೆ. ಒಮ್ಮೆ ಫಾದರ್ ಅವರನ್ನು ಕಂಪೌಂಡ್ ಗೋಡೆಯ ಹತ್ತಿರ ಹಿಡಿದರು.

"ನನ್ನ ಪ್ರಸಂಗ ನಿಮಗೆ ಹಿಡಿಸುವುದಿಲ್ಲ ಅಂತ ಕಾಣ್ತದೆ."

"ಅಯ್ಯೋ, ಹಾಗಲ್ಲ ಫಾದರ್. ನೀವು ಒಳಗೆ ದೇವರ ವಿಷಯ ಹೇಳ್ತಾ ಇದ್ದಿರಿ. ಇಲ್ಲಿ ಹೊರಗೆ ಅವರೇ ಕೆಲಸ ಮಾಡ್ತಾ ಇದ್ದರು. ಒಬ್ಬರನ್ನೇ ಬಿಡುವುದು ಹೇಗೆ?" ಎಂದು ಗೋಡೆಯ ಮೂಲೆ ತೋರಿಸಿದರು.

ಅಲ್ಲಿ ಒಂದು ಜೇಡರ ಬಲೆ. ಎಳೆ ಎಳೆಗೂ ಇಬ್ಬನಿ ಕೂತು ಬೆಳಗಿನ ಬಿಸಿಲಿಗೆ ಮಿಂಚುತ್ತಿತ್ತು. ಬೈಯಲೆಂದೇ ಬಂದ ಫಾದರ್ ಬಗ್ಗಿ ನೋಡಿದರು. ನೋಡಿದವರು ಎಷ್ಟು ಹೊತ್ತಾದರೂ ಏಳಲಿಲ್ಲ. ಮುಂದಿನ ಭಾನುವಾರದ ಪ್ರಸಂಗವೇ ಜೇಡರ ಬಲೆಯ ಮೇಲೆ! ಬಾಪ್ಪು ಅಂದು ಕೂತಲ್ಲಿಂದ ಕದಲದೆ ಕೇಳಿದರು. ಪೂಜೆ ಮುಗಿದ ಮೇಲೆ ಫಾದರ್ ಹತ್ತಿರ ಹೋಗಿ, "ಬಹಳ ಚೆನ್ನಾಯಿತು ಫಾದರ್. ಜೇಡಕ್ಕೆ ಆರು ಕಾಲು ಅಂದಿರಿ. ದೇವರು ಎಂಟು ಇಟ್ಟಿದ್ದಾರೆ" ಎಂದರು.

ಪಾಪನಿವೇದನೆಯಲ್ಲೂ ಇಂಥದ್ದೇ. ತನ್ನ ಪಾಪವನ್ನು ತಾನೇ ಊರಿಗೆಲ್ಲ ಹೇಳುವ ಮನುಷ್ಯ ಅವರು, ಆದ್ದರಿಂದ ನಾನು ಬರೆದರೆ ತಪ್ಪಿಲ್ಲ. "ಈ ವಾರ ಒಂದು ಕಾಮನಬಿಲ್ಲನ್ನು ನೋಡದೆ ಬಸ್ಸು ಓಡಿಸಿದೆ, ಫಾದರ್."

"ಪಾಪ ಹೇಳಿ, ಹವಾಮಾನ ಬೇಡ!"

ಈ ಮನುಷ್ಯನ ಜೊತೆ ಮಾವ್ಶಿ ಹೇಗೆ ಬಾಳಿದರೋ! ಅಂಗಳದ ಕಲ್ಲಿನ ಮೇಲೆ ಹಬ್ಬಿದ ಪಾಚಿಯನ್ನು ಉಜ್ಜುವ ಹಾಗಿಲ್ಲ. "ನೋಡು, ಎಂಥ ಮಕಮಲ್ಲು! ನಿನಗೆ ಇಷ್ಟು ಮೆತ್ತಗಿನ ಸೀರೆ ನನ್ನ ಕೈಯಲ್ಲಿ ತೆಗೆದುಕೊಡಲಿಕ್ಕೆ ಆಗಲಿಲ್ಲ" ಎನ್ನುತ್ತಾರೆ. ಮಾವ್ಶಿ ಸೊಂಟಕ್ಕೆ ಕೈ ಕೊಟ್ಟು, "ಮೊನ್ನೆ ನಾನು ಜಾರಿ ಬಿದ್ದದ್ದು ಆ ಮಕಮಲ್ಲಿನ ಮೇಲೆಯೇ" ಎನ್ನುತ್ತಾರೆ.

ಹೀಗೆ ನಗುತ್ತಾ ನಡೆಯುತ್ತಿತ್ತು, ಯಾರೋ ಒಬ್ಬ ಹೊಸ ಪ್ರಯಾಣಿಕ ಮೊಬೈಲ್ ಹೊರಗೆ ತೆಗೆಯುವವರೆಗೆ. ಜಿಟಿಜಿಟಿ ಮಳೆ, ನಡುರಸ್ತೆಯಲ್ಲಿ ನಿಂತ ಬಸ್ಸು, ಗದ್ದೆಯ ಕಡೆ ಕೈ ಮುಗಿದು ನಿಂತ ಡ್ರೈವರು, ಹಿಂದಿನಿಂದ ಗುಲಾಬಕ್ಕನ ಬೈಗುಳ! ವಿಡಿಯೋ ಸೀದಾ ಬಂಟ್ವಾಳಕ್ಕೆ, ಬಸ್ಸಿನ ಧಣಿಯ ಫೋನಿಗೆ ಹೋಯಿತು. ಮರುದಿನವೇ ಬುಲಾವು ಬಂತು. ಜೊತೆಗೆ ಹೋದ ಹಮೀದ್ ಆಮೇಲೆ ಇಬ್ಬರ ದನಿಯಲ್ಲೂ ಅದನ್ನು ನಟಿಸಿ ತೋರಿಸಿದ.

"ನೀವು ಬಸ್ಸು ಓಡಿಸುವುದಾ, ತೀರ್ಥಯಾತ್ರೆ ಮಾಡಿಸುವುದಾ?"

"ಧಣೀ, ಲೋಕ ಸೃಷ್ಟಿ ಮಾಡಿದಾಗ ದೇವರು ಕೂಡ ದಿನದ ಕೆಲಸ ಮುಗಿಸಿ, ನಿಂತು ನೋಡಿ, ಚೆನ್ನಾಗಿ ಉಂಟು ಅಂದರಂತೆ. ಅವರಿಗೇ ನಿಂತು ನೋಡಲಿಕ್ಕೆ ಪುರುಸೊತ್ತು ಇತ್ತು. ನಮಗೆ ಎಂಥ ಅರ್ಜೆಂಟು?"

"ದೇವರಿಗೆ ಹಿಂದಿನಿಂದ ಇನ್ನೊಂದು ಬಸ್ಸು ಬರ್ತಾ ಇರಲಿಲ್ಲ ಮಾರಾಯಾ!"

ಇನ್ನೊಮ್ಮೆ ನಿಲ್ಲಿಸಿದರೆ ಕೆಲಸವಿಲ್ಲ ಎಂದು ಧಣಿ ಖಡಕ್ಕಾಗಿ ಹೇಳಿ ಕಳುಹಿಸಿದರು. ನಿವೃತ್ತಿಗೆ ಇನ್ನು ಮೂರು ವರ್ಷ ಇತ್ತು. ಐವತ್ತೈದು ದಾಟಿದ ಡ್ರೈವರಿಗೆ ಬೇರೆ ಬಸ್ಸು ಯಾರು ಕೊಡುತ್ತಾರೆ?

ಮಾರನೆಯ ದಿನದಿಂದ ಬಾಪ್ಪು ನಿಲ್ಲಿಸಲಿಲ್ಲ. ತಿರುವು ಬಂದರೆ ಕುತ್ತಿಗೆ ನೆಟ್ಟಗೆ ಮಾಡಿ, ರಸ್ತೆಯನ್ನೇ ನೋಡುತ್ತಾ ದಾಟಿಬಿಡುತ್ತಿದ್ದರು. ಹಮೀದನ ಶೀಟಿನಲ್ಲಿ ಪಂಚರ್ ನಿಂತಿತು. ನನ್ನ ಹೆಡ್‌ಮಾಸ್ಟರು ನನ್ನನ್ನು ಹೊಗಳಿದರು. ಮನೆಯಲ್ಲಿ ಮಾತ್ರ ಬಾಪ್ಪು ಊಟಕ್ಕೆ ಕೂತರೆ ಗೋಡೆ ನೋಡುತ್ತಿದ್ದರು. ಬಲಗಡೆಯಾ ಎಡಗಡೆಯಾ ಎಂದು ನಾನು ಕೇಳಿದರೂ ನಗಲಿಲ್ಲ. ಮಾವ್ಶಿ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದರು: "ಇವರು ಸರಿಯಾದ ಟೈಮಿಗೆ ಮನೆಗೆ ಬರ್ತಾ ಇದ್ದಾರೆ. ಎಂಥದೋ ದೊಡ್ಡ ಕಾಯಿಲೆ ಇರಬೇಕು. ಡಾಕ್ಟರರಿಗೆ ತೋರಿಸುವ."

ಆಗಸ್ಟಿನ ಒಂದು ಸೋಮವಾರ ಧಣಿ ತಾವೇ ಪರೀಕ್ಷೆಗೆ ಬಂದರು. ಗುರುತು ಸಿಗಬಾರದೆಂದು ಮಂಕಿ ಕ್ಯಾಪ್ ಹಾಕಿ, ಹಿಂದಿನ ಸೀಟಿನಲ್ಲಿ ಕೂತಿದ್ದರು. ಆದರೆ ಅವರ ಹೊಟ್ಟೆಗೆ ಮಂಕಿ ಕ್ಯಾಪ್ ಇರಲಿಲ್ಲವಲ್ಲ! ಬಸ್ಸು ಬೆಳ್ತಂಗಡಿ ಬಿಡುವ ಮೊದಲೇ ಎಲ್ಲರಿಗೂ ಗೊತ್ತಾಗಿತ್ತು. ಹಮೀದ್ ಅವರಿಗೆ ಟಿಕೇಟು ಹರಿದು ಕೊಟ್ಟು, "ಚಿಲ್ಲರೆ ಇಟ್ಟುಕೊಳ್ಳಿ ಅಣ್ಣ" ಎಂದು ಸತಾಯಿಸಿದ.

ಮೂರು ದಿನ ಎಡೆಬಿಡದೆ ಸುರಿದ ಮಳೆ ಅಂದು ಬೆಳಿಗ್ಗೆಯಷ್ಟೇ ನಿಂತಿತ್ತು. ರಬ್ಬರ್ ತೋಟ ಮುಗಿಯಿತು, ಗದ್ದೆ ಬಂತು. ಮೋಡ ಒಡೆದು ಬಿಸಿಲು ಘಟ್ಟದ ಮೇಲೆ ಬಿತ್ತು. ಅಬ್ಬಾ! ಅಷ್ಟು ದಿನದಲ್ಲಿ ನಾನು ಅಂಥದ್ದನ್ನು ನೋಡಿರಲಿಲ್ಲ. ಬಂಡೆ ಇದ್ದಲ್ಲೆಲ್ಲ ನೀರು ಹಾರುತ್ತಿತ್ತು, ನೀರು ಹಾರಿದಲ್ಲೆಲ್ಲ ಬಿಸಿಲು ಹೊಳೆಯುತ್ತಿತ್ತು. ಬಾಪ್ಪುವಿನ ಕುತ್ತಿಗೆ ನೆಟ್ಟಗೇ ಇತ್ತು. ಕನ್ನಡಿಯಲ್ಲಿ ನೋಡಿದೆ: ಕಣ್ಣಿನಲ್ಲಿ ನೀರು. ಬಸ್ಸು ತಿರುವು ದಾಟಿತು.

"ಉಂತಾಲೆ!" ಎಂದು ಒಂದು ಕೂಗು ಬಿತ್ತು. ತುಳುವಿನಲ್ಲಿ ನಿಲ್ಲಿಸಿ ಎಂದು. ಕೂಗಿದ್ದು ಯಾರು ಗೊತ್ತುಂಟಾ? ಗುಲಾಬಕ್ಕ!

ಬಾಪ್ಪು ಬ್ರೇಕ್ ಹಾಕಿದರು. "ನಿಮ್ಮ ಸ್ಟಾಪು ಇನ್ನೂ ಮುಂದೆ ಅಲ್ವಾ?"

"ಇವತ್ತೂ ಯಾಕೆ ನಿಲ್ಲಿಸಲಿಲ್ಲ? ಒಂದು ವಾರದಿಂದ ನೋಡ್ತಾ ಇದ್ದೇನೆ. ಇಷ್ಟು ವರ್ಷ ತೋರಿಸಿ ತೋರಿಸಿ ಅಭ್ಯಾಸ ಮಾಡಿಸಿದಿರಿ. ಈಗ ಅದು ನೋಡದೆ ಮುಂದೆ ಹೋದರೆ ನನಗೆ ವ್ಯಾಪಾರವೇ ಆಗುವುದಿಲ್ಲ!"

"ಆರ್ಡರ್ ಇಲ್ಲ ಗುಲಾಬಕ್ಕ."

"ಮಳೆ ನಿಲ್ಲಿಸಿದವನ ಆರ್ಡರ್ ಉಂಟಲ್ಲ! ರಿವರ್ಸ್ ತೆಗೆಯಿರಿ."

"ಬಂಗುಡೆ?"

"ಬಂಗುಡೆಯನ್ನು ನಾನು ನೋಡಿಕೊಳ್ತೇನೆ!"

ಬಸ್ಸಿಗೆ ಬಸ್ಸೇ "ರಿವರ್ಸ್, ರಿವರ್ಸ್" ಎಂದಿತು. ಹಮೀದ್ ಧಣಿಯ ಮುಖವನ್ನೂ ನೋಡದೆ ಕೆಳಗೆ ಹಾರಿ ಸೀಟಿ ಊದಿದ. ಬಸ್ಸು ಹಿಂದೆ ಹಿಂದೆ ಬಂದು ತಿರುವಿನಲ್ಲಿ ನಿಂತಿತು. ಎಲ್ಲರೂ ಇಳಿದರು. ಗುಲಾಬಕ್ಕ ಬುಟ್ಟಿಯನ್ನೂ ಇಳಿಸಿಕೊಂಡರು, ಬಂಗುಡೆಗೂ ತೋರಿಸುವವರ ಹಾಗೆ. ಒಬ್ಬರು ಹನ್ನೊಂದು ಜಲಪಾತ ಎಂದರು, ಇನ್ನೊಬ್ಬರು ಹದಿನಾಲ್ಕು ಎಂದರು. ಟೋಪಿ ಹಾಕಿದ ಅಜ್ಜ ಒಬ್ಬರು ಮೆಲ್ಲ ಅಲ್ಲಾಹನ ಹೆಸರು ಹೇಳಿದರು. ಗುಲಾಬಕ್ಕ ಕೈ ಮುಗಿದರು. ಬಾಪ್ಪು ಬಸ್ಸಿನಿಂದ ಕೊನೆಗೆ ಇಳಿದು, ಶಿಲುಬೆಯ ಗುರುತು ಮಾಡಿ ನಿಂತರು. ಹಿಂದಿನ ಬಸ್ಸು ಬಂತು, ಹಾರ್ನು ಹೊಡೆಯಿತು, ಆಮೇಲೆ ಸುಮ್ಮನಾಯಿತು. ಅದರ ಜನರೂ ಇಳಿಯುತ್ತಿದ್ದರು!

ಧಣಿ ಮಂಕಿ ಕ್ಯಾಪ್ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಈ ರೂಟಿನಲ್ಲಿ ಮೂವತ್ತು ವರ್ಷದಿಂದ ಅವರ ಬಸ್ಸು ಓಡುತ್ತದೆ. ಅವರು ಈ ರಸ್ತೆಯಲ್ಲಿ ಹೋದದ್ದೆಲ್ಲ ಗ್ಲಾಸು ಏರಿಸಿದ ಕಾರಿನಲ್ಲಿ, ಫೋನಿನಲ್ಲಿ ಮಾತಾಡುತ್ತಾ.

"ಇದು ದಿನಾ ಉಂಟಾ?" ಎಂದು ಕೇಳಿದರು.

"ದಿನಾ ಉಂಟು ಧಣೀ. ದಿನಾ ಬೇರೆ."

ಅವರು ವಾಚು ನೋಡಿಕೊಂಡರು. "ನಾಳೆಯಿಂದ ಬೆಳ್ತಂಗಡಿಯಲ್ಲಿ ಎರಡು ನಿಮಿಷ ಬೇಗ ಬಿಡುವ. ಇಲ್ಲಿ ಎರಡು ನಿಮಿಷ ಸ್ಟಾಪು. ಆದರೆ ಮೂರನೇ ನಿಮಿಷಕ್ಕೆ ದೇವರೇ ಎದುರು ನಿಂತಿದ್ದರೂ ರೈಟ್!"

ಆ ದಿನ ಹಮೀದ್ ಊದಿದ ಸೀಟಿ ಕಕ್ಕಿಂಜೆಯವರೆಗೂ ಕೇಳಿರಬೇಕು. ಬಾಪ್ಪು ಬಸ್ಸು ಓಡಿಸಿದರೋ ರಥ ಓಡಿಸಿದರೋ ನನಗೆ ಗೊತ್ತಾಗಲಿಲ್ಲ. ನಾನು ಹದಿನೈದು ನಿಮಿಷ ತಡವಾಗಿ ಶಾಲೆಗೆ ಹೋಗಿ ಹೆಡ್‌ಮಾಸ್ಟರರಿಗೆ ನಿಜವನ್ನೇ ಹೇಳಿದೆ. ಮರುವಾರ ಅವರೂ ಅದೇ ಬಸ್ಸಿನಲ್ಲಿ ಬರತೊಡಗಿದರು.

ಬಾಪ್ಪು ನಿವೃತ್ತರಾಗಿ ಈಗ ಎರಡು ವರ್ಷ. ಆ ವರ್ಷವೇ ಮಾವ್ಶಿಯ ಕಣ್ಣು ಮಂಜಾಗತೊಡಗಿತು. ಕಣ್ಣಿನ ನರ ಒಣಗುತ್ತಿದೆ, ಹೋದದ್ದು ಇನ್ನು ಬರುವುದಿಲ್ಲ ಎಂದರು ಡಾಕ್ಟರು. ಈಗ ಅವರಿಗೆ ಬೆಳಕು ಕತ್ತಲೆ ಬಿಟ್ಟರೆ ಬೇರೆ ಏನೂ ಕಾಣುವುದಿಲ್ಲ. ಬಾಪ್ಪು ವಾರಕ್ಕೊಮ್ಮೆ ಮಾವ್ಶಿಯ ಕೈ ಹಿಡಿದು ಅದೇ ಬಸ್ಸು ಹತ್ತಿಸಿ, ಬಲಗಡೆಯ ಕಿಟಕಿಯಲ್ಲಿ ಕೂರಿಸಿ, ತಾವು ಪಕ್ಕದಲ್ಲಿ ಕೂರುತ್ತಾರೆ. ತಿರುವಿನಲ್ಲಿ ಹೊಸ ಡ್ರೈವರು ಎರಡು ನಿಮಿಷ ನಿಲ್ಲಿಸುತ್ತಾನೆ. ಬಾಪ್ಪು ಕಿವಿಯ ಹತ್ತಿರ ಬಾಗಿ ಒಂದೊಂದಾಗಿ ಹೇಳುತ್ತಾರೆ: ನೀರು ಎಲ್ಲಿಂದ ಹಾರುತ್ತದೆ, ಮೋಡ ಎಲ್ಲಿಗೆ ಬಂದಿದೆ, ಹಸಿರು ಇವತ್ತು ಯಾವ ಹಸಿರು.

ಈ ಮಾರ್ಚಿನಲ್ಲಿ ಒಂದು ಶನಿವಾರ ನಾನೂ ಅವರ ಹಿಂದಿನ ಸೀಟಿನಲ್ಲಿದ್ದೆ. ನೀರೆಲ್ಲ ಬತ್ತಿತ್ತು. ಗುಡ್ಡದ ನೆತ್ತಿಯ ಹುಲ್ಲು ಕಂದಾಗಿತ್ತು, ಎಲ್ಲೋ ಬೆಂಕಿ ಬಿದ್ದು ಹೊಗೆ ತುಂಬಿ ಘಟ್ಟವೇ ಮಸುಕಾಗಿತ್ತು. ಬಸ್ಸು ನಿಂತಿತು.

"ಹೇಳಿ, ಇವತ್ತು ಹೇಗುಂಟು?" ಎಂದರು ಮಾವ್ಶಿ.

ಬಾಪ್ಪು ಬಹಳ ಹೊತ್ತು ನೋಡಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಬಾಯಿ. "ಇವತ್ತು ಏನೂ ಇಲ್ಲ" ಎಂದರು ಕೊನೆಗೆ. ಆ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮಾವ್ಶಿ ಕಿಟಕಿಯ ಕಡೆಗೆ ಮುಖ ತಿರುಗಿಸಿದರು. ಒಂದು ಗಾಳಿ ಬೀಸಿತು. ಅವರು ಉಸಿರೆಳೆದುಕೊಂಡರು, ಇನ್ನೊಮ್ಮೆ ಎಳೆದುಕೊಂಡರು.

"ನಿಮಗೆ ಮೂಗು ಇಲ್ವಾ?" ಎಂದರು. "ಸುರಗಿ ಹೂ ಬಿಟ್ಟಿದೆ. ನಾರಾವಿಯಲ್ಲಿ ನಾನು ಸಣ್ಣವಳಿರುವಾಗ ಮಾಲೆ ಕಟ್ಟುತ್ತಿದ್ದೆನಲ್ಲ, ಅದೇ. ಹತ್ತಿರದಲ್ಲೇ ಉಂಟು."

ಬಾಪ್ಪು ಕಣ್ಣು ಮುಚ್ಚಿದರು. ಬಸ್ಸಿನಲ್ಲಿದ್ದ ನಾವೆಲ್ಲ ಮುಚ್ಚಿದೆವು. ಹೌದು, ಬರುತ್ತಿತ್ತು, ಹೊಗೆಯ ನಡುವಿನಿಂದಲೇ ತೆಳ್ಳಗೆ, ಸಿಹಿಯಾಗಿ. ಮೂವತ್ತು ವರ್ಷ ಅದೇ ತಿರುವಿನಲ್ಲಿ ನಿಂತು ದೇವರನ್ನು ನೋಡಿದ ಮನುಷ್ಯ, ಅಲ್ಲೊಂದು ಸುರಗಿಯ ಮರ ಇದ್ದದ್ದನ್ನು ಕಂಡಿರಲಿಲ್ಲ.

"ಎಲ್ಲಿ? ನನಗೆ ತೋರಿಸು" ಎಂದರು ಬಾಪ್ಪು.

ಮಾವ್ಶಿ ಅವರ ಕೈ ಹಿಡಿದು, ಕಿಟಕಿಯಿಂದ ಹೊರಗೆ, ಗಾಳಿ ಬಂದ ಕಡೆಗೆ ಚಾಚಿದರು. ಎರಡು ನಿಮಿಷ ಕಳೆದು ಎಷ್ಟೋ ಹೊತ್ತಾಗಿತ್ತು. ಹಮೀದ್ ಸೀಟಿಯನ್ನು ತುಟಿಯವರೆಗೆ ತಂದು, ಊದದೆ, ಮೆಲ್ಲ ಜೇಬಿಗೆ ಹಾಕಿಕೊಂಡ.