ಅತ್ತೆಯ ಮದುವೆಗೆ ಹೊಸ ರೇಡಿಯೇಟರ್

ಇನ್ನು ಮುಂದೆ ನನ್ನ ಕಾರಿನ ಒಂದು ನಟ್ಟನ್ನೂ ಯಾವ ಗ್ಯಾರೇಜಿನವನೂ ಮುಟ್ಟಕೂಡದು! ಹಾಗೆಂದು ಇದೇ ಅಂಕಣದಲ್ಲಿ ಗುಡುಗಿದ್ದು ನಾನೇ. ಬಾನೆಟ್ ಎತ್ತಿದ್ದಕ್ಕೊಂದು ಬಿಲ್ಲು, ಇಳಿಸಿದ್ದಕ್ಕೊಂದು ಬಿಲ್ಲು ಬರೆಯುವ ಆ ಹಗಲುಗಳ್ಳರಿಗೆ ನಾನೇಕೆ ತಲೆಬಾಗಲಿ? ಪೆಟ್ಟಿಗೆಗಳಲ್ಲಿ ಬಂದ ಬಿಡಿಭಾಗಗಳನ್ನು ನಾಲ್ಕು ಚಳಿಗಾಲ ಜೋಡಿಸಿ, ಮನೆಯ ಶೆಡ್ಡಿನಲ್ಲೇ ಕಾರು ಹೆತ್ತವನು ನಾನು! ಅದಕ್ಕೆ ಬಾಗಿಲಿಲ್ಲ, ಸೂರಿಲ್ಲ. ಸ್ಟೀರಿಂಗಿನ ಎದುರು ಜಾಗ ಸಾಲದೆ, ಇಂಜಿನ್ನಿನ ಶಾಖ ತೋರಿಸುವ ಮೀಟರು ಪಕ್ಕದ ಸೀಟಿನವರ ಮೊಣಕಾಲಿನ ಎದುರಿಗಿದೆ. ಆದರೂ ಕಾರು ಕಾರೇ.

ರೇಡಿಯೇಟರ್ ಸೋರಲು ಶುರುವಾಗಿದ್ದು ಅತ್ತೆಯ ಮದುವೆಯ ಹಿಂದಿನ ವಾರ. ಹೌದು, ಅತ್ತೆಯ ಮದುವೆ! ಎಪ್ಪತ್ತೆಂಟರ ವಿಧವೆ ಎಡ್ನಾ, ಚರ್ಚಿನಲ್ಲಿ ಜೊತೆಗೆ ಹಾಡುವ ಸಿರಿಲ್‌ನನ್ನು ಒಪ್ಪಿದ್ದರು. ತೆರೆದ ಕಾರಿನಲ್ಲಿ ಮದುಮಗಳಾಗಿ ಹೋಗಬೇಕೆಂಬುದು ಅವರ ಒಂದೇ ಆಸೆ. ನೋಂದಣಿ ಕಚೇರಿಯವರು ಹನ್ನೊಂದು ಗಂಟೆ ಎಂದರೆ ಹನ್ನೊಂದೇ. ತಪ್ಪಿದರೆ ಮುಂದಿನ ಜೋಡಿ ಒಳಗೆ, ನೀವು ಹೊರಗೆ. ಮತ್ತೆ ಸರದಿ ಬರುವುದು ಕ್ರಿಸ್‌ಮಸ್ ಕಳೆದ ಮೇಲೆ. ಸಿರಿಲ್‌ಗೆ ಎಂಬತ್ತಮೂರು. ಆ ವಯಸ್ಸಿಗೆ ಕ್ರಿಸ್‌ಮಸ್ ಬಹಳ ದೂರದ ಊರು!

"ಗ್ಯಾರೇಜಿಗೆ ಕೊಡೋಣ ಡೆಸ್ಮಂಡ್. ಅಮ್ಮನ ವಿಷಯ ಇದು," ಎಂದಳು ಹೆಂಡತಿ ಗ್ವೆಂಡಾ.

"ನನ್ನ ಹೆಣದ ಮೇಲೆ!"

"ಅದಕ್ಕೂ ಟೈಮ್ ಬರತ್ತೆ ಬಿಡು."

ಹೊಸ ರೇಡಿಯೇಟರ್ ಕೂರಿಸಿದೆ. ಕೊಳವೆ ಬಿಗಿದೆ, ಹಿಂದೆ ಫ್ಯಾನ್ ಕಟ್ಟಿದೆ, ಅದರ ಎರಡು ವೈರು ಸೇರಿಸಿದೆ. ಪರೀಕ್ಷೆಗೆಂದು ನನ್ನದೇ ಅಂಕಣವಿದ್ದ ಪತ್ರಿಕೆಯ ಹಾಳೆಯನ್ನು ಕಾರಿನ ಮೂತಿಗೆ ಹಿಡಿದೆ. ಅದು ಹಾರಿ ಹೋಗಿ ಗ್ವೆಂಡಾಳ ಮುಖಕ್ಕೆ ಬಡಿಯಿತು.

"ನೋಡಿದೆಯಾ ಗಾಳಿ!"

"ಫ್ಯಾನು ಗಾಳೀನ ಒಳಗೆ ಎಳ್ಕೋಬೇಕಲ್ವಾ? ಹಾಳೆ ಅಂಟ್ಕೋಬೇಕಿತ್ತು."

"ನೀನು ಹೋಗಿ ಕೇಕ್ ನೋಡು!"

ಮದುವೆಯ ಬೆಳಿಗ್ಗೆ ಗ್ವೆಂಡಾ ಕೇಕ್ ಹೊತ್ತು ತನ್ನ ಕಾರಿನಲ್ಲಿ ಮುಂದೆ ಹೋದಳು. ಹೋಗುವ ಮುನ್ನ ನನ್ನ ಟೈ ಬಿಗಿದು, ಅಗತ್ಯಕ್ಕಿಂತ ಹೆಚ್ಚೇ ಬಿಗಿದು, "ಅಮ್ಮ ಹನ್ನೊಂದಕ್ಕೆ ಅಲ್ಲಿರಬೇಕು," ಎಂದಳು. ಅಷ್ಟೇ.

ಡರ್ಬಿಶೈರಿನ ಏರು ರಸ್ತೆ. ಮುಂದೆ ಹುಲ್ಲು ಹೊತ್ತ ಟ್ರ್ಯಾಕ್ಟರ್, ಹಿಂದೆ ತೆವಳುತ್ತಿರುವ ನಾವು. ಮೂತಿಯೊಳಗೆ ಏನೋ ಗೊಣಗಿತು. ಆಮೇಲೆ ಬುಸುಗುಟ್ಟಿತು. ಬಾನೆಟ್ಟಿನಡಿ ಯಾರೋ ಬಾಗಿಲು ಬಡಿದಂತೆ ಸದ್ದು! ಕುದಿಯುವ ನೀರಿನ ಕೊಳವೆ ಅತ್ತೆಯ ಮೊಣಕಾಲಿನಿಂದ ಗೇಣು ದೂರ. ಒಂದು ಕ್ಲಿಪ್ಪು ಸಡಿಲಿದ್ದರೆ? ಬಿಗಿದಿದ್ದೆನೇ? ಬಿಗಿದಿದ್ದೆ. ಬಿಗಿದಿದ್ದೆನೇ? ಇಂಜಿನ್ನಿನ ಬಿಸಿ ಹೀರಲಿ ಎಂದು ಹೀಟರನ್ನು ಪೂರ್ತಿ ತಿರುಗಿಸಿದೆ. ಜುಲೈ ತಿಂಗಳು! ಅತ್ತೆಯ ಕೆನ್ನೆಯ ಪೌಡರು ಕರಗಿ ಗೆರೆಗೆರೆಯಾಗಿ ಇಳಿಯಿತು.

"ಬೆಚ್ಚಗಿದೆ," ಎಂದರು ಅತ್ತೆ, ಗಂಭೀರವಾಗಿ.

"ಅತ್ತೆ, ನಿಮ್ಮ ಮುಂದಿನ ಮೀಟರು... ಮುಳ್ಳು ಎಲ್ಲಿದೆ?"

"ಕೆಂಪಿನಲ್ಲಿ."

"ಯಾವಾಗಿನಿಂದ?"

"ಚರ್ಚ್ ದಾಟಿದಾಗಿನಿಂದ."

"ಹೇಳಬಾರದಿತ್ತೇ?!"

"ನೀನು ಕೇಳಲಿಲ್ಲವಲ್ಲ ಬಾತುಮರಿ." ನಮ್ಮ ಸೀಮೆಯಲ್ಲಿ ಎಲ್ಲರೂ ಎಲ್ಲರಿಗೂ ಬಾತುಮರಿಗಳೇ. "ಇನ್ನೊಬ್ಬರ ಕಾರಿನಲ್ಲಿ ಕೂತು ಹುಳುಕು ಎತ್ತೋದು ಮರ್ಯಾದೆಯಲ್ಲ."

ಅಷ್ಟರಲ್ಲಿ ಬಿಳಿ ಆವಿ ಭುಸ್ಸೆಂದು ಎದ್ದು ರಸ್ತೆ, ಟ್ರ್ಯಾಕ್ಟರ್, ಅತ್ತೆ, ಎಲ್ಲವನ್ನೂ ನುಂಗಿತು. ಬ್ರೇಕ್ ಹಾಕಿದೆ. ಅತ್ತೆಯನ್ನು ಎತ್ತಿ ಇಳಿಸಿದೆ. ಅವರ ಟೋಪಿಯ ಗರಿ ಒದ್ದೆ ಬೆಕ್ಕಿನ ಬಾಲದಂತೆ ಜೋತಿತ್ತು. ಗಡಿಯಾರ ನೋಡಲು ಧೈರ್ಯವಾಗಲಿಲ್ಲ, ನೋಡಿದೆ, ನೋಡಬಾರದಿತ್ತು.

ಕರವಸ್ತ್ರವನ್ನು ಕಾರಿನ ಮೂತಿಗೆ ಹಿಡಿದೆ. ಹಾರಿಹೋಯಿತು. ಆಗ ಬೆಳಕಾಯಿತು! ಫ್ಯಾನ್ ತಿರುಗುಮುರುಗು. ವೈರು ಅದಲುಬದಲು ಮಾಡಿದ ಮಹಾಶಯ, ಎದುರು ಬರುವ ತಂಗಾಳಿಯನ್ನೇ ಊದಿ ಓಡಿಸುವ ಯಂತ್ರ ಕಟ್ಟಿದ್ದ! ಇಂಥ ಮೆಕ್ಯಾನಿಕ್‌ನ ಹೆಸರು ಹಾಕಿ ಈ ಅಂಕಣದಲ್ಲಿ ಜನ್ಮ ಜಾಲಾಡಬೇಕು ಎಂದುಕೊಂಡೆ. ಹೆಸರು ಪಕ್ಕನೆ ಹೊಳೆಯಿತು. ಬೆಳಿಗ್ಗೆಯಷ್ಟೇ ಅವನ ಗಡ್ಡ ಹೆರೆದಿದ್ದೆ.

ವೈರು ಬದಲಿಸಿದೆ, ಬೆರಳು ಸುಟ್ಟುಕೊಂಡೆ. ಇಂಜಿನ್ ಆರಲು ಕಾದೆ. ಜೀವಮಾನದಲ್ಲಿ ಅಷ್ಟು ಹೊತ್ತು ಯಾವತ್ತೂ ಕಾದಿಲ್ಲ. ಕೊನೆಗೆ ಹೊಸ ಕೋಟನ್ನು ರೇಡಿಯೇಟರಿನ ಮುಚ್ಚಳದ ಮೇಲೆ ಹಾಕಿ, ಮುಖ ತಿರುಗಿಸಿ, ದೇವರನ್ನು ನೆನೆದು ತೆಗೆದೆ. ಒಳಗೆ ಹನಿ ನೀರಿಲ್ಲ.

"ನೀರು! ಎಲ್ಲಿಂದ ತರಲಿ ನೀರು?"

"ನನ್ನನ್ನ ಕೇಳ್ತಿದ್ದೀಯಾ?"

"ಕೇಳ್ತಿದ್ದೀನಿ ಅತ್ತೆ!"

ಅತ್ತೆ ಕೈಚೀಲದಿಂದ ಫ್ಲಾಸ್ಕ್ ತೆಗೆದರು. "ಟೀ ಇದೆ. ಹಾಲು ಹಾಕಿದೀನಿ."

ಹಾಲು ಹಾಕಿದ ಟೀ ಕುಡಿದು ಎದ್ದ ಕಾರು ಜಗತ್ತಿನಲ್ಲಿ ಅದೊಂದೇ ಇರಬೇಕು! ಏರು ಮುಗಿದು ಇಳಿಜಾರು ಬಂತು. ಅಲ್ಲಿಂದ ನಾನು ಹೆಜ್ಜೆಹೆಜ್ಜೆಗೂ "ಮುಳ್ಳು? ಮುಳ್ಳು?" ಎಂದು ಅರಚುತ್ತಾ, ಅತ್ತೆ "ಇಳೀತಿದೆ, ಇಳೀತಿದೆ" ಎನ್ನುತ್ತಾ, ಕೊನೆಯ ನಿಮಿಷಕ್ಕೆ ಕಚೇರಿ ಮುಟ್ಟಿದೆವು. ಬಾಗಿಲಲ್ಲಿ ಗ್ವೆಂಡಾ. ತಾಯಿಯ ಗರಿ ನೋಡಿದಳು, ನನ್ನ ಕೋಟು ನೋಡಿದಳು, ಗಾಳಿ ಮೂಸಿದಳು.

"ಹಾಲು ಸೀದ ವಾಸನೆ ಯಾಕೆ?"

"ಆಮೇಲೆ ಹೇಳ್ತೀನಿ," ಎಂದು ಒಳಗೆ ನುಗ್ಗಿದೆ.

ನೋಂದಣಾಧಿಕಾರಿ ಶುರುಮಾಡಿದರು. ಸಿರಿಲ್ ಕಣ್ಣೊರೆಸಿಕೊಂಡ. ಗೆದ್ದೆ, ಬದುಕಿದೆ ಎಂದು ನಾನು ಉಸಿರು ಬಿಡುತ್ತಿರುವಾಗ ಅಧಿಕಾರಿ ಪದ್ಧತಿಯಂತೆ ಕೇಳಿದರು:

"ಇಲ್ಲಿರುವವರಲ್ಲಿ ಯಾರದಾದರೂ ಆಕ್ಷೇಪಣೆ ಇದೆಯೇ?"

ಮದುಮಗಳು ಕೈಯೆತ್ತಿದರು!

ಸಿರಿಲ್ ಕುರ್ಚಿ ಹಿಡಿದುಕೊಂಡ.

"ಸಿರಿಲ್ ಮೇಲೆ ಏನೂ ಇಲ್ಲಪ್ಪ," ಎಂದರು ಅತ್ತೆ. "ನನ್ನ ಆಕ್ಷೇಪಣೆ ಅಳಿಯನ ಕಾರಿನ ಮೇಲೆ. ವಾಪಸ್ ನಾನು ಬಸ್ಸಿಗೆ ಹೋಗ್ತೀನಿ." ಆಮೇಲೆ ನನ್ನತ್ತ ತಿರುಗಿ, ಮೆಲ್ಲಗೆ: "ಬೇಜಾರು ಮಾಡ್ಕೋಬೇಡ ಬಾತುಮರಿ. ಅವರು ಕೇಳಿದರಲ್ಲ, ಅದಕ್ಕೇ ಹೇಳಿದೆ."